ಅಂತೆ ಕಂತೆಯ ಪಿಎಚ್‌.ಡಿ.

ನಮ್ಮ ಪಕ್ಕದ ಮನೆ ಹುಡುಗ ಪಿಎಚ್‌.ಡಿ. ಮಾಡುತ್ತಿದ್ದಾನೆ. ವಿಷಯ, 'ಕನ್ನಡೇತರರ ಕನ್ನಡ ಕಲಿಕೆಯಲ್ಲಿ ಕ್ಲಿಟಿಕ್‌ಗಳು: ಒಂದು ಸಂಕಥನ ವಿಶ್ಲೇಷಣೆ'.

"ಕ್ಲಿಟಿಕ್ ಅಂದ್ರೇನಪ್ಪಾ?"

"ಒಂಟಿಯಾಗಿ ನಿಲ್ಲೋಕಾಗಲ್ಲ ಅಂಕಲ್. ಪಕ್ಕದ ಪದಕ್ಕೆ ಜೋತು ಬೀಳುತ್ತೆ. ಆದ್ರೆ ಇಡೀ ವಾಕ್ಯಾನೇ ತಿರುಗಿಸಿಬಿಡುತ್ತೆ."

"ಓಹೋ, ಪಕ್ಷೇತರ ಶಾಸಕ!"

ಅವನು ನಗಲಿಲ್ಲ. ಉದಾಹರಣೆ ಕೊಟ್ಟ. ಸಾಹೇಬರು ಬಂದರು. ಸಾಹೇಬರೂ ಬಂದರು. ಸಾಹೇಬರೇ ಬಂದರು. ನಮ್ಮ ಶಾಲೆಯ ಮೇಷ್ಟ್ರು ಈ 'ಏ'ಗೆ ಅವಧಾರಣಾರ್ಥಕ ಅವ್ಯಯ ಅಂತ ಹೆಸರಿಟ್ಟು, ಬಾಯಿಪಾಠ ಮಾಡಿಸಿ, ಕೈ ತೊಳೆದುಕೊಂಡಿದ್ದರು. ಆದರೆ 'ಸಾಹೇಬರು ಬಂದರಂತೆ' ಅಂದು ನೋಡಿ. ಯಾರು ಹೇಳಿದ್ದು ಅಂತ ಯಾರೂ ಕೇಳುವುದಿಲ್ಲ. ಇಡೀ ಕಚೇರಿ ಟೀ ಲೋಟ ಬಿಟ್ಟು ಕುರ್ಚಿಗೆ ಓಡುತ್ತದೆ.

ಇಷ್ಟು ಶಕ್ತಿಯ 'ಅಂತೆ' ಅವನ ಪ್ರಬಂಧದಲ್ಲಿ ಎಲ್ಲಿದೆ? ಅನುಬಂಧದಲ್ಲಿ. ಮೊದಲ ಮೂರು ಅಧ್ಯಾಯ ಪೂರ್ತಿ ಇಂಗ್ಲಿಷಿನ 'ಡೋಂಟ್', 'ಕಾಂಟ್'. 1983ರಲ್ಲಿ ಜ್ವಿಕಿ ಮತ್ತು ಪುಲ್ಲಮ್ ಅನ್ನುವ ಭಾಷಾವಿಜ್ಞಾನಿಗಳು ಆ ಪದಗಳ ಕೊನೆಯ n't ಅನ್ನುವ ಬಾಲ ಕ್ಲಿಟಿಕ್ಕೋ ಪ್ರತ್ಯಯವೋ ಎಂದು ಆರು ಒರೆಗೆ ಹಚ್ಚಿ, ಪ್ರತ್ಯಯವೇ ಎಂದು ತೀರ್ಪು ಕೊಟ್ಟರು. (ಈ ಪ್ರಶ್ನೆ ಕೇಳೋದಕ್ಕೇ ನನಗೆ ಎರಡು 'ಓ' ಬೇಕಾಯ್ತು, ಗಮನಿಸಿದಿರಾ?) ಕ್ಲಿಟಿಕ್ಕೇ ಅಲ್ಲ ಅಂತ ಸಾಬೀತಾದ ಬಾಲಕ್ಕೆ ತೊಂಬತ್ತು ಪುಟ! ಗೈಡ್ ಹಾಗೇ ಹೇಳಿದರಂತೆ.

ಇನ್ನು ಸಂಕಥನ ವಿಶ್ಲೇಷಣೆ, ಅಂದರೆ ಜನ ಆಡುವ ಮಾತಿನ ಓಟ ನೋಡುವುದು. ಇಲ್ಲಿ ತರಗತಿಯ ಮಾತು. ಮೇಷ್ಟ್ರು ಕೇಳುವುದು, ಹುಡುಗರು ಉತ್ತರಿಸುವುದು, ಮೇಷ್ಟ್ರು 'ಗುಡ್' ಅನ್ನುವುದು. ಪಾಠದ ಮಾತು ಈ ಮೂರು ಹೆಜ್ಜೆಯಲ್ಲೇ ಸುತ್ತುತ್ತದೆ ಅಂತ ಸಿಂಕ್ಲೇರ್ ಮತ್ತು ಕೂಲ್ಟ್‌ಹಾರ್ಡ್ ಅನ್ನುವ ಭಾಷಾವಿಜ್ಞಾನಿಗಳು 1975ರಲ್ಲೇ ಬರೆದರು. ನಮ್ಮ ಹುಡುಗ ಅದನ್ನು ನೋಡಲು ಬೆಂಗಳೂರಿನ ಒಂದು ಕನ್ನಡ ಕ್ಲಾಸಿಗೆ ಹೋದ.

"ಇದು ಏನು?"

"ಇದು ಪೆನ್ನು."

"ಗುಡ್."

ಪೆನ್ನು ತೋರಿಸಿ 'ಇದು ಏನು' ಅಂತ ಈ ಊರಲ್ಲಿ ನನ್ನನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಇರಲಿ. ಆ ಕ್ಲಾಸಿನ ಪಾಟ್ನಾ ಹುಡುಗ ಸಂಜೆ ಆಟೋ ಸ್ಟ್ಯಾಂಡಿಗೆ ಹೋದ. ಇವನೂ ನೋಟ್‌ಬುಕ್ ಹಿಡಿದು ಹಿಂದೆಯೇ ಹೋದ.

"ನೀವು ಮೆಜೆಸ್ಟಿಕ್‌ಗೆ ಬರುತ್ತೀರಾ?"

"ಮೆಜೆಸ್ಟಿಕ್ಕಾ? ಬರ್ಬೋದು. ಮೀಟರ್ ಮೇಲೆ ಐವತ್ತು ಕೊಡ್ತೀರಲ್ವಾ?"

ಹುಡುಗನಿಗೆ ಮೀಟರ್ ಗೊತ್ತು, ಐವತ್ತೂ ಗೊತ್ತು. 'ಅಲ್ವಾ' ಮಾತ್ರ ಸಿಲಬಸ್ಸಿನಲ್ಲಿರಲಿಲ್ಲ. ಕ್ಲಾಸಿನಲ್ಲಿ 'ಹೌದು' ಅಂದಾಗಲೆಲ್ಲ ಶಹಬ್ಬಾಸ್ ಸಿಕ್ಕಿತ್ತು. ಇಲ್ಲೂ 'ಹೌದು' ಅಂದ.

"ಗುಡ್" ಅಂದ ಆಟೋದವನು. ಮೂರನೇ ಹೆಜ್ಜೆಯೂ ಮುಗಿಯಿತು.

ಮೊನ್ನೆ ಹುಡುಗ ಗೇಟಿನ ಹತ್ತಿರ ಸಿಕ್ಕ.

"ಪ್ರಬಂಧ ಎಲ್ಲಿಗೆ ಬಂತಪ್ಪಾ?"

"ಈ ತಿಂಗಳು ಸಹಿ ಆಗುತ್ತಂತೆ ಅಂಕಲ್."

"ಗೈಡೇ ಹೇಳಿದ್ರಾ?"

"ಇಲ್ಲ, ಗುಮಾಸ್ತರು."

"ಅವರೇ ನಿನಗೆ ಹೇಳಿದ್ರಾ?"

"ಇಲ್ಲ ಅಂಕಲ್... ಹೇಳಿದ್ರಂತೆ."