ಅವಳಿಗೆ ಪಾಠ ಹೇಳಿದ್ದು ಸಾಕು

ಲೈಂಗಿಕ ಕಾರ್ಯಕರ್ತೆಯರ ಮಾತು ಬಂದ ಕೂಡಲೇ ‘ಲೈಂಗಿಕ ರೋಗ ಹರಡುವವರು’ ಎಂದು ಬರೆಯುವವರನ್ನು ನಾನು ಕೇಳುವುದು ಒಂದೇ: ಆ ಸೋಂಕು ಅವರಿಗೆ ಬಂದದ್ದು ಯಾರಿಂದ? ಹಣ ಕೊಟ್ಟು ಬಂದುಹೋದ ಗಂಡಸು ಈ ಆರೋಪದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ. ರಕ್ತಪರೀಕ್ಷೆಗೆ ಸೂಜಿ ಚುಚ್ಚಲು ಕೈಗೆ ಸಿಕ್ಕವರು ಅವರು. ಕಳಂಕವೂ ಅವರಿಗೇ ಅಂಟಿಕೊಂಡಿತು.

ಅವರಿಗೆ ತಿಳಿವಳಿಕೆ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ. ಮೈಸೂರಿನ ಅನುಭವ ಬೇರೆಯದನ್ನೇ ಹೇಳುತ್ತದೆ. 2004ರ ಸಮೀಕ್ಷೆಯಲ್ಲಿ ಅಲ್ಲಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ಸುಮಾರು ಶೇ 25ರಷ್ಟು ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು, ಎಚ್‌ಐವಿಯೂ ಹೆಚ್ಚುಕಡಿಮೆ ಅಷ್ಟೇ. ಆ ಮಹಿಳೆಯರು ತಾವೇ ಒಬ್ಬರಿಗೊಬ್ಬರು ಆರೋಗ್ಯ ಕಾರ್ಯಕರ್ತೆಯರಾದರು, ಕೂತು ಮಾತಾಡಲು ಒಂದು ಜಾಗ ಮಾಡಿಕೊಂಡರು, ಆಶೋದಯ ಸಮಿತಿ ಎಂಬ ತಮ್ಮದೇ ಸಂಘಟನೆಯನ್ನು ಕಟ್ಟಿದರು. 2006ರ ಸಮೀಕ್ಷೆಯ ಹೊತ್ತಿಗೆ ಸಿಫಿಲಿಸ್ ಶೇ 12ಕ್ಕೆ ಇಳಿದಿತ್ತು, ಅಂಥದ್ದೇ ಇನ್ನೊಂದು ರೋಗವಾದ ಗೊನೋರಿಯಾ ಶೇ 5ರಿಂದ 2ಕ್ಕೆ. ಎಚ್‌ಐವಿ ಮಾತ್ರ ಅಷ್ಟಾಗಿ ಇಳಿಯಲಿಲ್ಲ. ಒಮ್ಮೆ ಬಂದರೆ ಅದು ಜೀವನಪರ್ಯಂತ ಉಳಿಯುವುದರಿಂದ ಎರಡು ವರ್ಷದಲ್ಲಿ ಆ ಅಂಕಿ ಕುಸಿಯುವಂಥದ್ದೂ ಅಲ್ಲ.

ಅದೇ ಸಮೀಕ್ಷೆಗಳ ಇನ್ನೊಂದು ಅಂಕಿ ನನ್ನನ್ನು ಬಹಳ ಕಾಡುತ್ತದೆ. ಅಪರೂಪಕ್ಕೆ ಬರುವ ಗಿರಾಕಿಯೊಂದಿಗೆ ಕೊನೆಯ ಬಾರಿ ಕೂಡಿದಾಗ ಕಾಂಡೋಮ್ ಬಳಸಿದವರ ಪ್ರಮಾಣ ಶೇ 65ರಿಂದ 90ಕ್ಕೆ ಏರಿತು. ಗಂಡ ಅಥವಾ ಕಾಯಂ ಸಂಗಾತಿಯೊಂದಿಗೆ? ಶೇ 7ರಿಂದ 30ಕ್ಕೆ, ಅಷ್ಟೇ. ಹೊರಗೆ ಅಪರಿಚಿತನಿಗೆ ‘ಇದಿಲ್ಲದೆ ಆಗುವುದಿಲ್ಲ’ ಎನ್ನುವ ಹೆಣ್ಣು ಮನೆಯೊಳಗೆ ಹಾಗೆನ್ನಲಾರಳು. ಹೇಳಿದರೆ ‘ನಾನೂ ನಿನಗೆ ಗಿರಾಕಿಯೇ?’ ಎಂಬ ಪ್ರಶ್ನೆ ಎದುರಾಗುತ್ತದೆ, ಕೆಲವೊಮ್ಮೆ ಹೊಡೆತವೂ ಬೀಳುತ್ತದೆ. ಊರವರೆಲ್ಲ ಕೀಳಾಗಿ ಕಾಣುವ ಬದುಕಿನಲ್ಲಿ ‘ನನ್ನವನು’ ಎನ್ನಲು ಒಬ್ಬನಿದ್ದಾನೆ. ಅವನನ್ನು ಕಳೆದುಕೊಳ್ಳುವ ಭಯದ ಮುಂದೆ ಸೋಂಕಿನ ಭಯ ಚಿಕ್ಕದಾಗುತ್ತದೆ. ನಮ್ಮ ಮನೆಗಳ ಎಷ್ಟು ಹೆಂಡತಿಯರು ಗಂಡನಿಗೆ ಕಾಂಡೋಮ್ ಬಳಸು ಎಂದು ಧೈರ್ಯವಾಗಿ ಹೇಳಬಲ್ಲರು?

ಹಿಂಸೆಗೂ ಸೋಂಕಿಗೂ ನೇರ ನಂಟಿದೆ. ಹೊಡೆತಕ್ಕೆ, ಅತ್ಯಾಚಾರಕ್ಕೆ ಗುರಿಯಾದ ಲೈಂಗಿಕ ಕಾರ್ಯಕರ್ತೆಯರಲ್ಲಿ ಕಾಂಡೋಮ್ ಬಳಕೆ ಕಡಿಮೆ, ಗೊನೋರಿಯಾ ಹೆಚ್ಚು ಎಂಬುದು ಕರ್ನಾಟಕದಲ್ಲೇ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ. ಪರ್ಸಿನಲ್ಲಿರುವ ಕಾಂಡೋಮನ್ನು ಪೊಲೀಸರು ಸಾಕ್ಷ್ಯವೆಂದು ಹಿಡಿದರೆ ಯಾರು ತಾನೇ ಅದನ್ನು ಇಟ್ಟುಕೊಂಡು ಓಡಾಡುತ್ತಾರೆ? ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳ ಆದೇಶದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು.

ಇನ್ನು ವೈದ್ಯರ ವಿಷಯ. ಗೊನೋರಿಯಾ, ಕ್ಲಮೀಡಿಯದಂಥ ಲೈಂಗಿಕ ಸೋಂಕು ಬಂದ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಉರಿ, ಬಿಳಿಸೆರಗು, ಕಿಬ್ಬೊಟ್ಟೆ ನೋವು ಎಂದು ಬರುವವರೆಗೆ ಕಾದರೆ ತಡವಾಗಿರುತ್ತದೆ. ಗರ್ಭನಾಳಕ್ಕೆ ಪೆಟ್ಟು ಬಿದ್ದು ಮಕ್ಕಳಾಗದಿರಬಹುದು. ಆದ್ದರಿಂದ ಆಗಾಗ ಪರೀಕ್ಷೆ ಬೇಕು. ಆದರೆ ‘ಏನು ಕೆಲಸ ಮಾಡುತ್ತೀಯ?’ ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಂಡವಳು ಎರಡನೆಯ ಸಲ ಆ ಆಸ್ಪತ್ರೆಗೆ ಏಕೆ ಬರಬೇಕು? ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಸುಮಾರು ಆರು ಪಟ್ಟು ಹೆಚ್ಚು. ರಕ್ತಪರೀಕ್ಷೆಗೆ ಬಂದ ದಿನವೇ, ಅದೇ ಕೋಣೆಯಲ್ಲಿ ಆ ಕ್ಯಾನ್ಸರ್ ತಪಾಸಣೆಯನ್ನೂ ಮಾಡಿ ಕಳುಹಿಸಬೇಕು. ಸಿಫಿಲಿಸ್ ಪತ್ತೆಯಾದರೆ ಅವಳ ಸಂಗಾತಿಯನ್ನೂ ಕರೆಸಿ ಪರೀಕ್ಷಿಸಿ ಚಿಕಿತ್ಸೆ ಕೊಡಬೇಕು. ಇಲ್ಲದಿದ್ದರೆ ಗುಣವಾಗಿ ಮನೆಗೆ ಹೋದವಳಿಗೆ ಅದೇ ಮನೆಯಲ್ಲಿ ಮತ್ತೆ ಸೋಂಕು ತಗಲಬಹುದು.