ಮೊದಲನೆಯದೆಂಬ ಪಟ್ಟವೂ ವೆರೈಟಿ ಹಾಲ್ ಕಟ್ಟಿದವರೂ

ನಿನ್ನೆ ದೇವಾಂಗಪೇಟೆಯ ನಮ್ಮವರದೇ ಒಂದು ಮದುವೆಯೂಟದ ಪಂಕ್ತಿಯಲ್ಲಿ, ದಕ್ಷಿಣ ಭಾರತದ ಮೊದಲ ಚಿತ್ರಮಂದಿರ ನಮ್ಮ ಕೊಯಮತ್ತೂರಿನ ವೆರೈಟಿ ಹಾಲೋ ಮದರಾಸಿನದೋ ಎಂದು ಇಬ್ಬರು ಹಿರಿಯರು ಪಾಯಸ ಆರುವವರೆಗೂ ವಾದಿಸಿದರು. ಅಷ್ಟು ಹೊತ್ತಿನ ಮಾತಿನಲ್ಲಿ ವೆರೈಟಿ ಹಾಲ್ ಕಟ್ಟಿದ ಸಾಮಿಕಣ್ಣು ವಿನ್ಸೆಂಟರ ಹೆಸರು ಒಮ್ಮೆಯೂ ಬರಲಿಲ್ಲ. ನನ್ನ ಸಿಟ್ಟು ನಿಮಗೆ ಹೊಸದಲ್ಲ. ಮದುವೆಮನೆಯೆಂದು ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ವಿನ್ಸೆಂಟರು ತಿರುಚಿರಾಪಳ್ಳಿಯಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಊರೂರು ತಿರುಗಿ ಚಿತ್ರ ತೋರಿಸುತ್ತಿದ್ದ ಡುಪಾಂಟ್ ಎಂಬ ಫ್ರೆಂಚ್ ಪ್ರಜೆ 1905ರಲ್ಲಿ ಕಾಯಿಲೆ ಬಿದ್ದು ಸ್ವದೇಶಕ್ಕೆ ಹೊರಟಾಗ, ಅವನ ಪ್ರೊಜೆಕ್ಟರನ್ನೂ ರೀಲುಗಳನ್ನೂ 2,000 ರೂಪಾಯಿಗೂ ಮೇಲೆ ಕೊಟ್ಟು ಕೊಂಡರು. ಆ ಕಾಲದ ಗುಮಾಸ್ತನಿಗೆ ಅದು ಎಷ್ಟು ವರ್ಷಗಳ ಸಂಬಳವೆಂದು ನೀವೇ ಲೆಕ್ಕ ಹಾಕಿ. ಆಮೇಲೆ ಕೆಲಸ ಬಿಟ್ಟು, ಡೇರೆ ಹೊತ್ತು, ಪೆಷಾವರ, ರಂಗೂನುಗಳವರೆಗೆ ತಿರುಗಿದರು. ಮೂಕಿಚಿತ್ರವಾದ್ದರಿಂದ ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಕಥೆಯನ್ನು ಕೂಗಿ ಹೇಳಬೇಕು. ಪ್ರೊಜೆಕ್ಟರು ಒಂದೇ ಆದ್ದರಿಂದ ರೀಲು ಮುಗಿದಾಗಲೆಲ್ಲ ಆಟ ನಿಲ್ಲಬೇಕು, ಮುಂದಿನ ರೀಲು ಏರುವವರೆಗೆ ನೆಲದ ಮೇಲೆ ಕೂತ ಜನ ಎದ್ದುಹೋಗದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಪಾಡು ಪಟ್ಟ ಮೇಲೆ 1914ರಲ್ಲಿ ಅವರು ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿದ್ದು. ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಈ ಊರಿಗೆ ಬಂದದ್ದು 1930ರ ದಶಕದಲ್ಲಿ. ಅಲ್ಲಿಯವರೆಗೆ ಕಾಯದೆ, ಸ್ವಂತ ಜನರೇಟರಿನಿಂದ ಆಟ ನಡೆಸಿದ ಮನುಷ್ಯನ ಬಗ್ಗೆ ಹೇಳುವುದಕ್ಕೆ ನಮ್ಮ ಹಿರಿಯರಿಗೆ ಏನೂ ಇಲ್ಲ. ಆದರೆ ಪದಕ ಬೇಕು.

ಮೊದಲನೆಯದು ಎಂದರಾದರೂ ಜನ ನೆನಪಿಟ್ಟುಕೊಳ್ಳುತ್ತಾರಲ್ಲ ಎನ್ನುವವರಿದ್ದಾರೆ. ನೆನಪಿಟ್ಟುಕೊಂಡ ಚಂದವನ್ನು ಕಂಡಿದ್ದೇವಲ್ಲ! ಡಿಲೈಟ್ ಎಂಬ ಹೆಸರಿನಲ್ಲಿ ಉಳಿದಿದ್ದ ಆ ಚಿತ್ರಮಂದಿರ ಈಚೆಗೆ ನೆಲಸಮವಾಯಿತು. ಮದರಾಸಿನ ಮೌಂಟ್ ರೋಡಿನ ಎಲೆಕ್ಟ್ರಿಕ್ ಥಿಯೇಟರ್ ಇದಕ್ಕಿಂತ ಹಳೆಯದು, ಆ ಕಟ್ಟಡ ಉಳಿದೂ ಇದೆ. ಆದರೆ ಅದು ಉಳಿದದ್ದು ಹಳೆಯದೆಂಬ ಗೌರವದಿಂದಲ್ಲ, 1915ರಲ್ಲಿ ಅಂಚೆ ಇಲಾಖೆ ಕೊಂಡದ್ದರಿಂದ. ಮದರಾಸಿನಲ್ಲೇ ರಘುಪತಿ ವೆಂಕಯ್ಯನವರು ಕಟ್ಟಿದ ಗೇಯಿಟಿ ಚಿತ್ರಮಂದಿರವೂ 1914ರದೇ. ಹೀಗಿರುವಾಗ ಮೊದಲನೆಯ ಪಟ್ಟ ವಿನ್ಸೆಂಟರ ಕೈತಪ್ಪಿದರೂ ತಪ್ಪಲಿ. ಅದರಿಂದ ಅವರು ಪಟ್ಟ ಪಾಡು ಚೂರೂ ಕಡಿಮೆಯಾಗುವುದಿಲ್ಲ. ಮದರಾಸು ರಾಜಧಾನಿ, ಅಲ್ಲಿ ದೊರೆಗಳಿದ್ದರು, ದುಡ್ಡಿತ್ತು. ನಮ್ಮಂಥ ನೇಕಾರರೂ ಹತ್ತಿ ವ್ಯಾಪಾರಿಗಳೂ ತುಂಬಿದ್ದ ಊರಿನಲ್ಲಿ ದಿನವೂ ಟಿಕೆಟ್ ಕೊಳ್ಳುವವರು ಸಿಗುತ್ತಾರೆಂದು ನಂಬಿ ಗೋಡೆ ಎಬ್ಬಿಸುವುದಕ್ಕೆ ಬೇರೆಯೇ ಗುಂಡಿಗೆ ಬೇಕು.

ನಿಜ ಹೇಳಬೇಕೆಂದರೆ ನನಗೆ ಸಿನಿಮಾದ ಹುಚ್ಚು ಅಷ್ಟಕ್ಕಷ್ಟೇ. ನನ್ನನ್ನು ಹಿಡಿದಿರುವುದು ಆ ಗುಮಾಸ್ತ. ಪಿಂಚಣಿಯ ಆಸೆಗೆ ಒಂದೇ ಮೇಜಿಗೆ ಅಂಟಿಕೊಂಡು ಕೂತ ನನ್ನಂಥವನಿಗೆ, ಕೆಲಸಕ್ಕೆ ರಾಜೀನಾಮೆ ಕೊಟ್ಟು ರೀಲಿನ ಪೆಟ್ಟಿಗೆಯೊಂದಿಗೆ ರೈಲು ಹತ್ತಿದವರ ಮೇಲೆ ಇರುವುದು ಬರೀ ಗೌರವವಲ್ಲ, ಹೊಟ್ಟೆಕಿಚ್ಚು ಕೂಡ.