ತಕುಮಾ ಸಾಟೊ ಹುಂಬರಲ್ಲ

ಜಪಾನಿನ ಕಾರ್ ರೇಸ್ ಚಾಲಕ ತಕುಮಾ ಸಾಟೊ ಹೆಸರೆತ್ತಿದರೆ ಸಾಕು, ರೇಸ್ ನೋಡುವ ಗೆಳೆಯರಲ್ಲಿ ಒಬ್ಬರಾದರೂ ‘ಹೋಗಿ ಗುದ್ದುವವರಲ್ಲವೇ?’ ಎಂದು ಕೇಳುತ್ತಾರೆ. ಮೊನ್ನೆಯೂ ಹಾಗೇ ಆಯಿತು. ಎದುರಿಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ, ಮಾತು ಬೇರೆ ಕಡೆಗೆ ಹೊರಳಿತು. ಅಂದು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಮಾತಿನ ಬೇರು 2012ರ ಇಂಡಿಯಾನಾಪೊಲಿಸ್ 500 ಎಂಬ ಅಮೆರಿಕದ ಪ್ರಸಿದ್ಧ ಕಾರು ಓಟದಲ್ಲಿದೆ. 200 ಸುತ್ತುಗಳ ಓಟ, ಕೊನೆಯ ಸುತ್ತು. ಮುಂದೆ ಡಾರಿಯೊ ಫ್ರಾಂಕಿಟ್ಟಿ, ಅವರ ಬೆನ್ನಿಗೇ ಸಾಟೊ. ಮೊದಲ ತಿರುವು ಬರುತ್ತಿದ್ದಂತೆ ಸಾಟೊ ಒಳಮಗ್ಗುಲಿಗೆ ನುಗ್ಗಿದರು. ಜಾಗ ಸಾಲಲಿಲ್ಲ. ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯಿತು. ಸುಮ್ಮನೆ ಹಿಂದೆಯೇ ಉಳಿದಿದ್ದರೆ ಎರಡನೇ ಸ್ಥಾನ ಕೈಯಲ್ಲಿತ್ತು. ಸಿಕ್ಕಿದ್ದು 17ನೇ ಸ್ಥಾನ.

ಆ ಟ್ರ್ಯಾಕಿನ ಗುಣ ಗೊತ್ತಿಲ್ಲದೆ ಈ ನಿರ್ಧಾರವನ್ನು ಅಳೆಯುವುದು ಸರಿಯಲ್ಲ. ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕೇ ತಿರುವು, ನೇರ ದಾರಿಯಲ್ಲಿ ಗಂಟೆಗೆ 350 ಕಿಲೋಮೀಟರ್ ದಾಟುವ ವೇಗ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಹಿಂದಿನ ಕಾರಿಗೆ ಎದುರುಗಾಳಿ ಕಡಿಮೆಯಾಗುತ್ತದೆ, ವೇಗ ಏರುತ್ತದೆ. ಆದರೆ ತಿರುವಿಗೆ ಬಂದಾಗ ಅದೇ ಕಲಕಿದ ಗಾಳಿ ಕೈಕೊಡುತ್ತದೆ; ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಒಳದಾರಿ ಹತ್ತಿರದ್ದು ನಿಜ, ಆದರೆ ಬಿಳಿ ಗೆರೆಯ ಕೆಳಗೆ ಇಳಿಜಾರು ಮುಗಿದು ನೆಲ ಮಟ್ಟಸವಾಗುತ್ತದೆ. ಅಲ್ಲಿ ಚಕ್ರ ಇಳಿದರೆ ಕಾರು ಮಾತು ಕೇಳುವುದಿಲ್ಲ. ಹಾದು ಹೋಗಲು ಸಿಗುವ ಕಿಂಡಿ ಅರೆಕ್ಷಣದ್ದು. ಗೆಲ್ಲುವ ಅವಕಾಶ ಕಣ್ಣೆದುರು ತೆರೆದಾಗ ಪ್ರಯತ್ನಿಸದೆ ಇರುವವನನ್ನು ನಾನು ಜಾಣ ಎಂದು ಕರೆಯಲಾರೆ.

ಈಗ 2017ರ ಅದೇ ಓಟ, ಅದೇ ತಿರುವು. ಓಟ ಮುಗಿಯಲು ಐದಾರು ಸುತ್ತು ಬಾಕಿ. ಮುಂದಿರುವವರು ಅದಾಗಲೇ ಮೂರು ಸಲ ಅಲ್ಲಿ ಗೆದ್ದಿದ್ದ ಹೆಲಿಯೊ ಕ್ಯಾಸ್ಟ್ರೊನೆವೆಸ್. ಈ ಸಲ ಸಾಟೊ ಹಿಡಿದದ್ದು ಹೊರದಾರಿ. ಅದು ದೂರದ ದಾರಿ, ಗೋಡೆಗೆ ಹತ್ತಿರದ ದಾರಿ. ಆದರೆ ವೇಗವನ್ನು ಉಳಿಸಿಕೊಳ್ಳಬಹುದಾದ ದಾರಿ. ಹಾದು ಹೋದರು. ಕ್ಯಾಸ್ಟ್ರೊನೆವೆಸ್ ಮತ್ತೆ ಮೇಲೆ ಬಿದ್ದರೂ ಬಿಟ್ಟುಕೊಡಲಿಲ್ಲ. ಗೆದ್ದದ್ದು 0.2011 ಸೆಕೆಂಡಿನಿಂದ. 101ನೇ ಆವೃತ್ತಿಯವರೆಗೆ ಏಷ್ಯಾದ ಒಬ್ಬ ಚಾಲಕನೂ ಗೆಲ್ಲದಿದ್ದ ಓಟ ಅದು.

ಐದು ವರ್ಷಗಳಲ್ಲಿ ಆ ಮನುಷ್ಯ ನುಗ್ಗುವುದನ್ನು ಬಿಡಲಿಲ್ಲ, ನುಗ್ಗುವ ದಾರಿಯನ್ನು ಬದಲಿಸಿದರು. ಹುಂಬರಿಗೆ ಇದು ಸಾಧ್ಯವೇ?

ಅವರ ಮೊದಲಿನ ದಿನಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1987ರಲ್ಲಿ ಸುಝುಕಾದಲ್ಲಿ ಜಪಾನ್ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ 1 ಓಟ ನೋಡಿದಾಗ ಹುಡುಗನಿಗೆ ಹತ್ತು ವರ್ಷ. ಹಿಂದಿನಿಂದ ಒಬ್ಬೊಬ್ಬರನ್ನೇ ದಾಟುತ್ತ ಎರಡನೇ ಸ್ಥಾನಕ್ಕೆ ಬಂದ ಅಯರ್ಟನ್ ಸೆನ್ನಾ ಅವನ ಮನಸ್ಸಿನಲ್ಲಿ ಕುಳಿತುಬಿಟ್ಟರು. ರೇಸಿಂಗ್ ಕನಸಿನ ಮಕ್ಕಳು ಸಾಮಾನ್ಯವಾಗಿ ಐದಾರು ವರ್ಷಕ್ಕೇ ಕಾರ್ಟ್ ಎಂಬ ಪುಟ್ಟ ರೇಸ್ ಕಾರು ಹತ್ತುತ್ತಾರೆ. ಸಾಟೊಗೆ ಸಿಕ್ಕಿದ್ದು ಸೈಕಲ್. ಪ್ರೌಢಶಾಲೆಯ ಮುಂದಿನ ಹಂತದಲ್ಲಿ ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆ ಗೆದ್ದರು, ವಸೇದಾ ವಿಶ್ವವಿದ್ಯಾಲಯ ಸೇರಿದ ಮೇಲೂ ಸೈಕಲ್ ಬಿಡಲಿಲ್ಲ. ಮುಂದಿನವನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು, ಶಕ್ತಿ ಉಳಿಸಿ, ಸರಿಯಾದ ಹೊತ್ತಿಗೆ ಹೊರಗೆ ಬರುವುದು ಸೈಕಲ್ ಓಟದ ಮೊದಲ ಪಾಠ. ಆ ಪಾಠವೇ ಇಂಡಿಯಾನಾಪೊಲಿಸ್‌ನಲ್ಲಿ ಕೈಹಿಡಿಯಿತು ಎಂದು ನಾನು ನಂಬಿದ್ದೇನೆ.

ಸುಝುಕಾ ರೇಸಿಂಗ್ ಶಾಲೆಗೆ ಸೇರಿದಾಗ ಅವರಿಗೆ 20. ಅಲ್ಲಿನ ವಯೋಮಿತಿಯೂ ಅಷ್ಟೇ. ಹಿಂದಿನ ದಾಖಲೆ ನೋಡಿ ಆಯ್ಕೆ ಮಾಡುತ್ತಾರೆಂದು ತಿಳಿದಾಗ, ತೋರಿಸಲು ದೊಡ್ಡ ದಾಖಲೆಯೇ ಇಲ್ಲದ ಈ ಯುವಕ ಎದ್ದು ನಿಂತು ಸಂದರ್ಶನ ನಡೆಸಿ ಎಂದು ಕೇಳಿಕೊಂಡ. ನಡೆಸಿದರು, ಸೀಟು ಸಿಕ್ಕಿತು. ನಾಲ್ಕೇ ವರ್ಷಕ್ಕೆ, 2001ರಲ್ಲಿ, ಫಾರ್ಮುಲಾ 1ಕ್ಕಿಂತ ಕೆಳಹಂತದ ಬ್ರಿಟಿಷ್ ಫಾರ್ಮುಲಾ 3ರಲ್ಲಿ 12 ಓಟ ಗೆದ್ದು ಚಾಂಪಿಯನ್ ಆದರು.

ಫಾರ್ಮುಲಾ 1ರ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಪ್ಪುಗಳಿದ್ದವು, ಮುಚ್ಚಿಡುವುದಿಲ್ಲ. 2004ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಬಾರಿಕೆಲ್ಲೊ ಮೇಲೆ ನುಗ್ಗಿದ್ದು ಅವಸರ. 2005ರಲ್ಲಿ ತವರಿನ ಸುಝುಕಾದಲ್ಲಿ ಟ್ರುಲ್ಲಿಗೆ ಡಿಕ್ಕಿ ಹೊಡೆದು ಅನರ್ಹರಾದದ್ದು ಅದಕ್ಕಿಂತ ಕೆಟ್ಟದ್ದು. ಆದರೆ 2002ರಲ್ಲಿ ಆಸ್ಟ್ರಿಯಾದಲ್ಲಿ ಹೈಡ್‌ಫೆಲ್ಡ್ ಕಾರು ಹತೋಟಿ ತಪ್ಪಿ ಬಂದು ಇವರ ಕಾರಿನ ಪಕ್ಕೆಯನ್ನೇ ಸೀಳಿದ್ದನ್ನು, ಎರಡು ವಾರದ ನಂತರ ಇವರು ಮೊನಾಕೊದಲ್ಲಿ ಮತ್ತೆ ಕಾರು ಹತ್ತಿದ್ದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. 2004ರಲ್ಲಿ ಇದೇ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಫಾರ್ಮುಲಾ 1 ಓಟದಲ್ಲಿ ಮೂರನೆಯವರಾಗಿ ವೇದಿಕೆ ಹತ್ತಿದ್ದನ್ನೂ ಅಷ್ಟೇ. 2008ರಲ್ಲಿ ಇವರಿದ್ದ ಸೂಪರ್ ಅಗುರಿ ತಂಡ ಹಣವಿಲ್ಲದೆ ಬಾಗಿಲು ಮುಚ್ಚಿತು. 31ನೇ ವಯಸ್ಸಿಗೆ ಸೀಟಿಲ್ಲ. ಬಹಳಷ್ಟು ಚಾಲಕರ ಕಥೆ ಅಲ್ಲಿಗೆ ಮುಗಿಯುತ್ತದೆ. ಇವರು 2010ರಲ್ಲಿ ಅಮೆರಿಕಕ್ಕೆ ಹೋಗಿ ಅಂಡಾಕಾರದ ಟ್ರ್ಯಾಕುಗಳ ಓಟವನ್ನು ಹೊಸದಾಗಿ ಕಲಿತರು. 2013ರಲ್ಲಿ ಲಾಂಗ್ ಬೀಚ್‌ನಲ್ಲಿ ಗೆದ್ದು, ಅಲ್ಲಿನ ಇಂಡಿಕಾರ್ ಸರಣಿಯ ಓಟ ಗೆದ್ದ ಮೊದಲ ಜಪಾನಿ ಎನಿಸಿದರು.

ನನ್ನನ್ನು ಹೆಚ್ಚು ಕಾಡುವುದು 2019ರ ಆಗಸ್ಟ್. ಅಮೆರಿಕದ ಪೊಕೊನೊ ಟ್ರ್ಯಾಕಿನಲ್ಲಿ ಮೊದಲ ಸುತ್ತಿನಲ್ಲೇ ಹಲವು ಕಾರುಗಳು ಡಿಕ್ಕಿಯಾದವು. ಜೊತೆಯ ಚಾಲಕರೇ ಸಾಟೊ ಕಡೆಗೆ ಬೆರಳು ತೋರಿಸಿದರು, ಜಾಲತಾಣಗಳಲ್ಲಿ ಬೈಗುಳದ ಮಳೆ. ತಂಡ ಮಾತ್ರ ಬೆನ್ನಿಗೆ ನಿಂತಿತು. ಒಂದೇ ವಾರ ಕಳೆಯುವುದರೊಳಗೆ ಗೇಟ್‌ವೇ ಟ್ರ್ಯಾಕಿನಲ್ಲಿ ಮತ್ತೊಂದು ಓಟ. ಅಲ್ಲಿ 0.04 ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಸಾಟೊ ಗೆದ್ದರು. ಊರೆಲ್ಲ ಬೈದ ವಾರದಲ್ಲಿ ಪಕ್ಕದ ಕಾರಿಗೆ ಇಷ್ಟು ಹತ್ತಿರದಲ್ಲಿ ಕೈ ನಡುಗದೆ ಓಡಿಸುವುದಕ್ಕೆ ಎಂಥ ಮನಸ್ಸು ಬೇಕು!

ಬೆನ್ನಿಗೆ ನಿಂತ ಆ ತಂಡ ಬಾಬಿ ರಾಹಲ್ ಅವರದು. 2012ರಲ್ಲಿ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದ ಕಾರೂ ಅವರ ತಂಡದ್ದೇ. ಹುಂಬ ಎನಿಸಿದ್ದರೆ ಅವರೇಕೆ ಮತ್ತೆ ಕರೆಯುತ್ತಿದ್ದರು? 2018ರಲ್ಲಿ ಕರೆದರು, ಮತ್ತು 2020ರಲ್ಲಿ ಸಾಟೊ ಅದೇ ತಂಡಕ್ಕೆ ಇಂಡಿಯಾನಾಪೊಲಿಸ್ 500 ಗೆದ್ದುಕೊಟ್ಟರು. ಕೊರೊನಾ ಕಾಲ, ಒಬ್ಬ ಪ್ರೇಕ್ಷಕನೂ ಇಲ್ಲದ ಖಾಲಿ ಗ್ಯಾಲರಿ, ಅಪಘಾತದಿಂದಾಗಿ, ಯಾರೂ ಯಾರನ್ನೂ ದಾಟುವಂತಿಲ್ಲದ ಹಳದಿ ಬಾವುಟದ ಕೆಳಗೆ ಮುಗಿದ ಓಟ. ಸಾಟೊಗೆ ಆಗ 43.

2025ರಲ್ಲಿ, 48ರ ವಯಸ್ಸಿನಲ್ಲಿ, ಅದೇ ತಂಡದ ಕಾರಿನಲ್ಲಿ ಇಂಡಿಯಾನಾಪೊಲಿಸ್ 500ಕ್ಕೆ ಎರಡನೆಯವರಾಗಿ ಅರ್ಹತೆ ಪಡೆದರು. ಓಟದಲ್ಲಿ 51 ಸುತ್ತು ಮುಂದಿದ್ದರು, ಬೇರೆ ಯಾರೂ ಅಷ್ಟು ಸುತ್ತು ಮುಂದಿರಲಿಲ್ಲ. ಆದರೆ ಇಂಧನ, ಟೈರಿಗಾಗಿ ನಿಲ್ಲುವ ಪಿಟ್‌ಗೆ ಬರುವಾಗ ವೇಗ ಹೆಚ್ಚಾಗಿ ತಮ್ಮ ಜಾಗ ದಾಟಿ ನಿಂತರು. ಗೆಲುವು ಅಲ್ಲೇ ಕೈತಪ್ಪಿತು. ಅದು ಅವರದೇ ತಪ್ಪು, ಒಪ್ಪುತ್ತೇನೆ. ನನಗೆ ಅಂದು ಊಟ ಸೇರಲಿಲ್ಲ.